ರಾಜ್ಯಪತ್ರದಲ್ಲಿ ಅಕ್ಕನ ಹೋಟೆಲು

ಏನೇನು ಕೆಡಬಹುದಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಆರು ದಿನ ನಾನು ಮನಸ್ಸಿಟ್ಟು ಮಾಡಿದ ಕೆಲಸ ಅದೊಂದೇ. ಸರ್ಕಾರದ ಜಾಲತಾಣ ತೆರೆಯದೇ ಇರಬಹುದಿತ್ತು. ತೆರೆದರೂ ನಾನು ಹುಡುಕುವ ರಾಜ್ಯಪತ್ರವೊಂದೇ ಅಲ್ಲಿ ಇಲ್ಲದಿರಬಹುದಿತ್ತು. ಇದ್ದು, ಆಕ್ಷೇಪಣೆ ಹಾಕುವ ಗಡುವು ನಿನ್ನೆಗೇ ಮುಗಿದಿರಬಹುದಿತ್ತು. ಗಡುವು ಉಳಿದಿದ್ದು, ನಾನು ಅರ್ಜಿಯನ್ನು ತಪ್ಪು ಕಚೇರಿಗೆ ಕೊಟ್ಟು, ಅದು ಸರಿಯಾದ ಕಚೇರಿ ಸೇರುವಷ್ಟರಲ್ಲಿ ಅಕ್ಕನ ಹೋಟೆಲಿನ ಮುಂದೆ ಜೆಸಿಬಿ ಬಂದು ನಿಂತಿರಬಹುದಿತ್ತು. ಒಂದೇ ಪುಟವನ್ನು ಹದಿನಾಲ್ಕು ಸಲ ತೆರೆದಿದ್ದು ಎಲ್ಲೋ ದಾಖಲಾಗಿ, ಯಾರಿವನು, ಇವನಿಗೇನು ಇಷ್ಟು ಆಸಕ್ತಿ ಎಂದು ಯಾರೋ ಒಬ್ಬರು ಕೇಳಬಹುದಿತ್ತು. ಕಡೂರಿಗೆ ಹೋದ ದಿನ ಗ್ರಂಥಾಲಯಕ್ಕೆ ರಜೆ ಇರಬಹುದಿತ್ತು. ಇಲ್ಲದಿದ್ದರೆ ನನಗೆ ಬೇಕಾದ ಸಂಚಿಕೆಗಷ್ಟೇ ಗೆದ್ದಲು ಹಿಡಿದಿರಬಹುದಿತ್ತು. ಅಕ್ಕನಿಗೆ ಎದೆನೋವು ಬರಬಹುದಿತ್ತು. ಅಕ್ಕನಿಗಿಂತ ಮೊದಲು ನನಗೇ ಬಂದು, ಬೀರೂರಿನಲ್ಲಿ ಬಸ್ಸು ಬದಲಿಸುವಾಗ ನೆಲಕ್ಕೆ ಬಿದ್ದು, ಹಗಲು ಹೊತ್ತಿಗೇ ಕುಡಿದಿದ್ದಾನೆ ನೋಡು ಎಂದು ಜನ ನನ್ನನ್ನು ದಾಟಿಕೊಂಡು ಹೋಗಬಹುದಿತ್ತು.

ಇದರಲ್ಲಿ ಒಂದೂ ಆಗಲಿಲ್ಲ. ಆದದ್ದನ್ನು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ, ಹಾಗಾಗಿ ಕೊನೆಗೆ ಹೇಳುತ್ತೇನೆ.

ನಾನು ತರೀಕೆರೆಯಲ್ಲಿ ಹೈಸ್ಕೂಲು ಮೇಷ್ಟ್ರು. ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಸರ್ಕಾರದ ಯಾವ ಕಾಗದವನ್ನಾದರೂ ಪ್ರಜೆ ಕೇಳಿ ಪಡೆಯಬಹುದು ಎಂದು ವರ್ಷಾವರ್ಷ ಮಕ್ಕಳಿಗೆ ಮೇಜು ಕುಟ್ಟಿ ಹೇಳುವವನು ನಾನೇ. ನಾನಾಗಿ ಯಾವತ್ತೂ ಯಾವ ಕಚೇರಿಯಲ್ಲೂ ಏನನ್ನೂ ಕೇಳಿದವನಲ್ಲ. ಕೇಳಿದರೆ ನಮ್ಮ ಮುಖ ಗುರುತಿಟ್ಟುಕೊಳ್ಳುತ್ತಾರೆ ಎಂಬುದು ನನ್ನ ನಂಬಿಕೆ.

ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಅಜ್ಜಂಪುರದಲ್ಲಿ, ಊರು ಮುಗಿದು ರಸ್ತೆ ತರೀಕೆರೆಯ ಕಡೆಗೆ ಹೊರಳುವ ಜಾಗದಲ್ಲಿ, ಮಾವನ ಕಾಲದ ತುಂಡು ನೆಲದ ಮೇಲೆ ಒಂದು ಹೋಟೆಲು ಇಟ್ಟಳು. ಹೋಟೆಲೆಂದರೆ ನಾಲ್ಕು ಬೆಂಚು, ಮೇಲೆ ಶೀಟು, ಬಾಗಿಲ ಪಕ್ಕ ಅವಳೇ ನೆಟ್ಟ ಒಂದು ಕರಿಬೇವಿನ ಗಿಡ. ಬೆಳಿಗ್ಗೆ ಇಡ್ಲಿ, ಹತ್ತರ ಮೇಲೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ ಊಟ. ಬುಕ್ಕಾಂಬುಧಿ ಕಡೆಯಿಂದ ಬರುವ ಟ್ರ್ಯಾಕ್ಟರಿನವರು ಅಲ್ಲಿ ತಿನ್ನದೆ ಮುಂದಕ್ಕೆ ಹೋಗುವುದಿಲ್ಲ. ಊರೊಳಗೆ ಅವಳಿಗೊಂದು ಸಣ್ಣ ಮನೆಯಿದೆ, ಆದರೆ ಅವಳು ಬದುಕುವುದು ಹೋಟೆಲಿನಲ್ಲಿ. ನಮ್ಮನೆಗೇ ಬಂದು ಇರು ಎಂದು ಹಿಂದೊಮ್ಮೆ ಕರೆದಾಗ ಅವಳು ಹೇಳಿದ್ದಿಷ್ಟು: "ನನ್ ಒಲೆ ಇರೋ ತನಕ ಇನ್ನೊಬ್ರ ಅಡುಗೆಮನೇಲಿ ಸೌಟು ಹಿಡಿಯಲ್ಲ ಕಣೋ. ಒಲೆ ಹೋದ್ರೆ ನಾನೂ ಹೋದಂಗೆ." ಅದನ್ನು ನಗುತ್ತಲೇ ಹೇಳಿದ್ದಳು. ನಾನು ನಗದೆ ನೆನಪಿಟ್ಟುಕೊಂಡಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು.

"ಲೇ, ಇಲ್ಲಿಂದ ನಿಮ್ಮೂರ ತನಕ ರೋಡು ಅಗಲ ಮಾಡ್ತಾರಂತೆ ಕಣೋ. ಯಾರ್ ಯಾರ ಜಾಗ ಹೋಗ್ತದೆ ಅಂತ ಸರ್ಕಾರದೋರು ಪಟ್ಟಿ ಹಾಕವ್ರಂತೆ. ಮೊಬೈಲಲ್ಲೇ ಸಿಗ್ತದಂತೆ. ನೀನು ಮೇಷ್ಟ್ರಲ್ವ, ನೋಡಿ ಹೇಳು."

"ತಾಲ್ಲೂಕು ಆಫೀಸಲ್ಲಿ ಕೇಳ್ಬಾರ್ದೇನಕ್ಕ?"

"ಖಾತೆ ಇನ್ನೂ ನಮ್ಮಾವನ ಹೆಸರಲ್ಲೈತೆ. ಕೇಳಕ್ಕೋದ್ರೆ ಅದ್ನೇ ಹಿಡ್ಕಂಡು ಇಪ್ಪತ್ತು ಪ್ರಶ್ನೆ ಹಾಕ್ತಾರೆ. ನೀನೇ ನೋಡು."

ಈ ಒಂದು ವಿಷಯದಲ್ಲಿ ಅಕ್ಕ ತಮ್ಮ ಇಬ್ಬರದೂ ಒಂದೇ ರಕ್ತ.

ಹಜಾರದಲ್ಲಿ ಕುಳಿತು ಮೊಬೈಲು ತೆರೆದೆ. ನನ್ನ ಹೆಂಡತಿ ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ರಾಜ್ಯಪತ್ರದ ತಾಣ ಒಂದೇ ಸಲಕ್ಕೆ ತೆರೆದುಕೊಂಡಿತು. ಅದೇ ನನಗೆ ಅಪಶಕುನದಂತೆ ಕಂಡಿತು. ಜಿಲ್ಲೆ ಆರಿಸಿ ಎಂದಿತು, ಆರಿಸಿದೆ. ತಾಲ್ಲೂಕು ಆರಿಸಿ ಎಂದಿತು. ಬೆರಳು ತಾನಾಗಿಯೇ ತರೀಕೆರೆಯ ಮೇಲೆ ಹೋಯಿತು. ಅಜ್ಜಂಪುರ ಬೇರೆ ತಾಲ್ಲೂಕಾಗಿ ಕೆಲವು ವರ್ಷಗಳೇ ಆಗಿವೆ. ಅದನ್ನು ನಾನೇ ಮಕ್ಕಳಿಗೆ ನಕ್ಷೆಯಲ್ಲಿ ತೋರಿಸುತ್ತೇನೆ. ಆದರೆ ಹುಟ್ಟಿದಾಗಿನಿಂದ ಲಕೋಟೆಯ ಮೇಲೆ 'ಅಜ್ಜಂಪುರ, ತರೀಕೆರೆ ತಾಲ್ಲೂಕು' ಎಂದು ಬರೆದ ಕೈಗೆ ನಕ್ಷೆಯ ಪಾಠ ತಲುಪಿರಲಿಲ್ಲ.

ಬಂದದ್ದು ನೂರಾರು ಪುಟಗಳ ಕಡತ. ಕಾಗದವನ್ನು ಯಂತ್ರದಲ್ಲಿಟ್ಟು ಫೋಟೋ ತೆಗೆದಂಥದ್ದು. ಕೆಲವು ಪುಟ ಅಡ್ಡಡ್ಡ ಮಲಗಿದ್ದವು. ನಾನೂ ತಲೆಯನ್ನು ಅಡ್ಡ ಮಾಡಿಕೊಂಡು ಓದತೊಡಗಿದೆ.

"ಎರಡು ಬೆರಳಲ್ಲಿ ಹಿಗ್ಗಿಸ್ಕೊಳ್ರೀ, ಕುತ್ತಿಗೆ ಹಿಡ್ಕೊಳ್ತದೆ," ಎಂದಳು ಹೆಂಡತಿ.

ಹಿಗ್ಗಿಸಿದೆ. ಅಕ್ಷರ ದಪ್ಪವಾಯಿತು, ಪುಟ ಪರದೆಯ ಆಚೆಗೆ ಹೋಯಿತು. ಊರಿನ ಹೆಸರಿರಬೇಕಾದ ಸಾಲಿನಲ್ಲಿ ಮೇಲಿಂದ ಕೆಳಗೆ 'ಸದರಿ, ಸದರಿ, ಸದರಿ' ಎಂದಿತ್ತು, ಅಂದರೆ ಮೇಲೆ ಹೇಳಿದ್ದೇ ಊರು. ಮೇಲೆ ಏನು ಹೇಳಿತ್ತೋ ಅದು ಎಷ್ಟೋ ಪುಟಗಳ ಹಿಂದೆ ಇತ್ತು. ಅಷ್ಟು ಹಿಂದಕ್ಕೆ ಹೋಗುವ ತಾಳ್ಮೆ ಯಾರಿಗಿದೆ? ನನ್ನ ಕಣ್ಣು ಹುಡುಕುತ್ತಿದ್ದದ್ದು ನಲವತ್ತೇಳು ಎಂಬ ಒಂದೇ ಒಂದು ನಂಬರನ್ನು. ಅಕ್ಕನ ಹೋಟೆಲಿನ ಜಾಗದ ಸರ್ವೆ ನಂಬರು ಅದು.

ನಲವತ್ತೇಳು ಇತ್ತು. ಅದರ ಮುಂದೆ ಖಾತೆದಾರರ ಹೆಸರಿತ್ತು. ಅಕ್ಕನ ಮಾವನ ಹೆಸರೇ.

ಆಮೇಲೆ ನಾನು ಆ ಸಾಲನ್ನು ಮತ್ತೆ ಮತ್ತೆ ತೆರೆದು ನೋಡಿದೆ, ಒಂದು ಸಲವಾದರೂ ಅದು ಬೇರೆ ನಂಬರಾದೀತು ಎಂಬಂತೆ. ಹೆಂಡತಿ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟು ತಾನೂ ನೋಡಿದಳು.

"ಈಗಲೇ ಅಕ್ಕಂಗೆ ಹೇಳ್ಬೇಡಿ ಕಣ್ರೀ. ತಿಳಿದೋರ ಹತ್ರ ಒಂದ್ಸಲ ತೋರಿಸಿ. ನೀವು ಹೋದ್ಸಲ ನಿಮ್ಮ ರಕ್ತದ ರಿಪೋರ್ಟು ಓದಿಕೊಂಡು ನನಗೆ ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ ಅಂತ ತೋರಿಸಿದ್ರಿ."

"ಅದು ಬೇರೆ, ಇದು ಬೇರೆ ಕಣೇ. ಇದರಲ್ಲಿ ಹೆಸರೇ ಇದೆ."

"ಅದರಲ್ಲೂ ನಿಮ್ಮ ಹೆಸರೇ ಇತ್ತು."

ಎರಡು ದಿನ ತಡೆದುಕೊಂಡೆ. ಶಾಲೆಯಲ್ಲಿ ಹಾಜರಿ ಕೂಗುವಾಗ ನಲವತ್ತೇಳನೆಯ ಹೆಸರು ಬಂದರೆ ಅದನ್ನು ಬಿಟ್ಟು ನಲವತ್ತೆಂಟಕ್ಕೆ ಹಾರುತ್ತಿದ್ದೆ. ಲಿಂಗದಹಳ್ಳಿಯ ಕಡೆ ರಸ್ತೆ ಕೆಲಸಕ್ಕೆ ಹೊರಟ ಹಳದಿ ಯಂತ್ರವೊಂದು ಬಸ್ ನಿಲ್ದಾಣದ ಮುಂದೆ ಹಾದುಹೋದದ್ದನ್ನು ನೋಡಿ, ಅದು ತಿರುಗುವುದು ಯಾವ ಕಡೆಗೆ ಎಂದು ಖಾತ್ರಿಯಾಗುವ ತನಕ ನಿಂತಿದ್ದೆ. ಅಕ್ಕನ ಫೋನು ಬಂದರೆ ಎತ್ತುತ್ತಿರಲಿಲ್ಲ. ನಾನು ಎತ್ತದೇ ಇದ್ದದ್ದರಿಂದ ಅವಳಿಗೆ ಅನುಮಾನ ಬಂದಿರಬಹುದು ಎಂಬ ಹೊಸ ಚಿಂತೆ ಹತ್ತಿ, ಮಂಗಳವಾರ ಮಧ್ಯಾಹ್ನ ನಾನೇ ಮಾಡಿದೆ.

"ಅಕ್ಕ, ಹೆದರ್ಕೋಬೇಡ," ಎಂದು ಶುರು ಮಾಡಿದೆ. ಹಾಗೆ ಶುರು ಮಾಡಿದರೆ ಯಾರು ಹೆದರುವುದಿಲ್ಲ?

ಹೇಳಿದೆ. ಆ ಕಡೆ ರುಬ್ಬುವ ಯಂತ್ರದ ಸದ್ದು ನಿಂತಿತು.

"ಎಷ್ಟು ಹೋಗ್ತದಂತೆ?"

"ಪೂರ್ತಿ ಅಂತಿದೆಯಕ್ಕ."

"ಯಾವಾಗ ಬತ್ತಾರಂತೆ?"

"ಗೊತ್ತಿಲ್ಲ. ಆಕ್ಷೇಪಣೆಗೆ ಮುಂದಿನ ವಾರದ ತನಕ ಟೈಮಿದೆ. ಆಮೇಲೆ ಯಾವಾಗ ಬೇಕಾದ್ರೂ..."

ಯಾರೋ ಸಾಂಬಾರು ಕೇಳಿದ್ದು ಕಿವಿಗೆ ಬಿತ್ತು. "ಸರಿ ಬಿಡು," ಎಂದು ಅಕ್ಕ ಫೋನಿಟ್ಟಳು.

ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ, ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ. ಆ 'ಸರಿ ಬಿಡು' ನನ್ನನ್ನು ಮೂರು ದಿನ ಅನ್ನದ ಮುಂದೆ ಸುಮ್ಮನೆ ಕೂರಿಸಿತು. ಒಲೆ ಹೋದರೆ ನಾನೂ ಹೋದಂಗೆ ಎಂದವಳು ಅವಳು.

ಶಾಲೆಯ ಸಹೋದ್ಯೋಗಿಯೊಬ್ಬರ ಮುಂದೆ ಬಾಯಿಬಿಟ್ಟೆ. ಕಡೂರಿನ ಗ್ರಂಥಾಲಯಕ್ಕೆ ರಾಜ್ಯಪತ್ರದ ಅಚ್ಚಾದ ಪ್ರತಿ ಬರುತ್ತದೆ, ಅಲ್ಲಿನ ಮೇಡಂಗೆ ಅದನ್ನು ಓದುವ ರೀತಿ ಚೆನ್ನಾಗಿ ಗೊತ್ತು ಎಂದರು. ನನಗೆ ಬೇಕಾಗಿದ್ದದ್ದು ಓದುವ ರೀತಿಯಲ್ಲ. ಮೊಬೈಲಿನಲ್ಲಿ ಒಂದು ಇದ್ದು ಕಾಗದದಲ್ಲಿ ಇನ್ನೊಂದು ಇರಬಹುದೇನೋ ಎಂಬ ಹುಚ್ಚು ಆಸೆಯೊಂದು ಇತ್ತು. ಶುಕ್ರವಾರ ರಜೆ ಅರ್ಜಿ ಬರೆದೆ. ಕಾರಣ: ಮೈಗೆ ಹುಷಾರಿಲ್ಲ. ನನ್ನ ಸೇವಾವಧಿಯಲ್ಲಿ ಆ ಕಾರಣ ಅಷ್ಟು ನಿಜವಾಗಿದ್ದ ದಿನ ಇನ್ನೊಂದಿಲ್ಲ.

ಕಡೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ದಾರಿಯುದ್ದಕ್ಕೂ ಅಕ್ಕನನ್ನು ನಮ್ಮ ಮನೆಯ ಮೂಲೆಯ ಕೋಣೆಯಲ್ಲಿ ಕೂರಿಸಿ ನೋಡಿದೆ. ಮಂಚ ಹಾಕಿದೆ, ಕಿಟಕಿಗೆ ಪರದೆ ಹಾಕಿದೆ, ಟಿವಿ ಇಟ್ಟೆ. ಎಷ್ಟೇ ಮಾಡಿದರೂ ಅವಳು ಗೋಡೆಯ ಕಡೆ ಮುಖ ಮಾಡಿಯೇ ಕೂತಿದ್ದಳು.

ಗ್ರಂಥಾಲಯ ತೆರೆದಿತ್ತು. ಉದ್ದನೆಯ ಮೇಜಿನ ಸುತ್ತ ಏಳೆಂಟು ಹಿರಿಯರು ಪತ್ರಿಕೆ ಹರಡಿಕೊಂಡಿದ್ದರು. ಗೋಡೆಯ ಮೇಲೆ 'ನಿಶ್ಶಬ್ದ' ಎಂಬ ಹಲಗೆ. ಒಳಗಿನ ಮೇಜಿನಲ್ಲಿ ಸುಮಾರು ನಲವತ್ತೈದರ ಹೆಂಗಸೊಬ್ಬರು ಹಳೆಯ ಪುಸ್ತಕದ ಬೆನ್ನಿಗೆ ಮೈದಾ ಅಂಟು ಹಚ್ಚುತ್ತಿದ್ದರು. ನಾನು ಬಾಗಿಲಲ್ಲೇ ನಿಂತು, ರಾಜ್ಯಪತ್ರ, ರಸ್ತೆ, ನಲವತ್ತೇಳು ಎಂದು ಒಂದೇ ಉಸಿರಿಗೆ ಹೇಳಿದೆ.

"ಮೊದ್ಲು ಕೂತ್ಕೊಳ್ಳಿ ಸಾರ್," ಎಂದರು. ಕೈ ಒರೆಸಿಕೊಂಡು ಎದ್ದು, ಬೀರುವಿನಿಂದ ಒಂದು ದಪ್ಪ ಸಂಚಿಕೆ ತಂದು ನನ್ನ ಮುಂದೆ ಇಟ್ಟರು. ನಾನು ನೇರವಾಗಿ ಮಧ್ಯಕ್ಕೆ ಕೈ ಹಾಕಿದೆ. ಅವರು ಪುಸ್ತಕದ ಮೇಲೆ ಅಂಗೈ ಇಟ್ಟುಬಿಟ್ಟರು.

"ನಂಬರು ಹುಡುಕೋದು ಆಮೇಲೆ. ಮೊದಲನೇ ಪುಟದಿಂದ ಓದಿ. ಗಟ್ಟಿಯಾಗಿ."

ನಾನು ಗೋಡೆಯ ಹಲಗೆಯ ಕಡೆ ನೋಡಿದೆ.

"ಅದು ಬೇರೆಯವ್ರಿಗೆ. ರಾಜ್ಯಪತ್ರ ನೋಡೋಕೆ ಬಂದೋರು ಇಲ್ಲಿ ಗಟ್ಟಿಯಾಗೇ ಓದ್ಬೇಕು, ನಾನು ಮಾಡಿರೋ ರೂಲು. ಬರೋರೆಲ್ಲ ಹೆದರ್ಕೊಂಡೇ ಬರೋದು. ಹೆದರಿದೋರು ನಂಬರಿಂದ ಶುರು ಮಾಡ್ತಾರೆ. ಕಣ್ಣು ಹಾರುತ್ತೆ ಸಾರ್, ಬಾಯಿ ಹಾರಲ್ಲ."

ಓದಿದೆ. ಇಷ್ಟು ವರ್ಷ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿದವನು ಮೊದಲ ಸಾಲಿನಲ್ಲೇ ಎರಡು ಸಲ ತಪ್ಪಿ ಮತ್ತೆ ಶುರು ಮಾಡಿದೆ. ಅಧಿಸೂಚನೆ, ಷೆಡ್ಯೂಲು, ಜಿಲ್ಲೆ, ತಾಲ್ಲೂಕು: ತರೀಕೆರೆ. ಗ್ರಾಮ ಎಂಬ ಕಡೆ ಒಂದು ಹಳ್ಳಿಯ ಹೆಸರಿತ್ತು. ಅಜ್ಜಂಪುರಕ್ಕೆ ಹೋಗುವಾಗ ಬಸ್ಸು ಅರ್ಧ ನಿಮಿಷ ನಿಲ್ಲುವ ಹಳ್ಳಿ ಅದು. ಓದುತ್ತಾ ಹೋದೆ. ಸದರಿ, ಸದರಿ, ಸದರಿ. ಪತ್ರಿಕೆ ಓದುತ್ತಿದ್ದವರು ಒಬ್ಬೊಬ್ಬರಾಗಿ ಪತ್ರಿಕೆ ಕೆಳಗಿಟ್ಟರು. ಪುಟ ತಿರುವಿದೆ. ನಲವತ್ತೇಳು ಬಂತು. ಹೆಸರು ಬಂತು. ನಿಲ್ಲಿಸಿದೆ.

"ಇದೇ ಮೇಡಂ. ಇದೇ ನಮ್ಮಕ್ಕನ ಜಾಗ."

"ನಿಮ್ಮಕ್ಕಂದು ಯಾವೂರು?"

"ಅಜ್ಜಂಪುರ."

"ಈಗ ಓದಿದ್ದು ಯಾವ ಊರಿನ ಪಟ್ಟಿ?"

ನಾನು ಹಿಂದಿನ ಪುಟ ನೋಡಿದೆ. ಅದರ ಹಿಂದಿನ ಪುಟ ನೋಡಿದೆ. ಮೇಲಿನ ಸಾಲು ನೋಡಿದೆ.

"ಆದ್ರೆ ಹೆಸರು ಅದೇ ಇದೆಯಲ್ಲ ಮೇಡಂ?"

ಎದುರಿಗೆ ಕುಳಿತಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದರು. "ಅಲ್ರೀ ಸ್ವಾಮಿ, ನಮ್ ಕಡೆ ವಯಸ್ಸಾದೋರಲ್ಲಿ ಆ ಹೆಸರು ಇಲ್ದಿರೋ ಮನೆ ತೋರ್ಸಿ ನೋಡಾಣ! ನಮ್ಮಪ್ಪಂದೂ ಅದೇ, ನಮ್ ಬೀಗರದೂ ಅದೇ. ಈಗ ಸಂತೆಬೀದೀಲಿ ನಿಂತು ಕೂಗಿದ್ರೆ ಆರು ಜನ ತಿರುಗಿ ನೋಡ್ತಾರೆ."

ಮೇಡಂ ಬೆರಳಿಟ್ಟು ತೋರಿಸಿದರು. ಹೆಸರಿನ ಮುಂದೆ 'ಬಿನ್' ಎಂದಿದ್ದು, ಅದರ ಮುಂದೆ ತಂದೆಯ ಹೆಸರಿತ್ತು. ಅಕ್ಕನ ಮಾವನ ತಂದೆಯ ಹೆಸರಲ್ಲ. ಹಿಗ್ಗಿಸಿಕೊಂಡು ನೋಡಿದ ನನಗೆ ಪರದೆಯ ಅಂಚಿನಾಚೆಗಿದ್ದ ಅಷ್ಟು ಭಾಗ ಕಂಡೇ ಇರಲಿಲ್ಲ.

ಉಸಿರು ಬಿಡಲು ಹೊರಟೆ. ಅವರು ಬಿಡಗೊಡಲಿಲ್ಲ.

"ಇದು ನಿಮ್ದಲ್ಲ ಅಂತಾಯ್ತು. ನಿಮ್ದು ಇಲ್ಲ ಅಂತ ಇನ್ನೂ ಆಗಿಲ್ಲ. ಅಜ್ಜಂಪುರ ತಾಲ್ಲೂಕು ಬೇರೆ ಭಾಗ." ಸಂಚಿಕೆಯ ಹಿಂದಿನ ಅರ್ಧ ತೆರೆದರು. "ಓದಿ."

ಇಡೀ ಆರು ದಿನದಲ್ಲಿ ನಾನು ನಿಜವಾಗಿ ಹೆದರಿದ್ದು ಆ ಹತ್ತು ನಿಮಿಷ. ಮೊದಲಿನದೆಲ್ಲ ಅಭ್ಯಾಸ. ಅಜ್ಜಂಪುರದ ಪಟ್ಟಿ ಎರಡೇ ಪುಟವಿತ್ತು. ನಂಬರುಗಳು ಮೇಲೇರುತ್ತಾ ಬಂದವು. ಮೂವತ್ತೆಂಟು. ನಲವತ್ತೊಂದು. ಅಕ್ಕನ ಪಕ್ಕದ ಗೊಬ್ಬರದ ಅಂಗಡಿಯದು ನಲವತ್ತಾರು ಎಂದು ನನಗೆ ಗೊತ್ತಿತ್ತು. ನಲವತ್ತಮೂರು. ನಲವತ್ತಾರು ಬಂದೇಬಿಟ್ಟಿತು. ಗೊಬ್ಬರದ ಅಂಗಡಿಯ ಮುಂದಿನ ಅಂಗಳದ ಒಂದು ಪಟ್ಟಿ ಹೋಗುವುದಿತ್ತು. ಮುಂದಿನ ಸಾಲು ಪುಟದ ಆಚೆ ಬದಿಯಲ್ಲಿತ್ತು. ತಿರುವಲು ಹೋದರೆ ಬೆರಳಿಗೆ ಕಾಗದ ಹಿಡಿಯಲಿಲ್ಲ. ಆ ಹಿರಿಯರು ಎದ್ದು ಬಂದು ತಾವೇ ತಿರುವಿದರು.

"ಐವತ್ತೆರಡು," ಎಂದು ಓದಿದೆ.

"ಇನ್ನೊಂದ್ಸಲ," ಎಂದರು ಮೇಡಂ.

"ನಲವತ್ತಾರು. ಐವತ್ತೆರಡು." ಕೊನೆಯ ತನಕ ಓದಿ ಮುಗಿಸಿದೆ. ನಲವತ್ತೇಳು ಎಲ್ಲೂ ಇರಲಿಲ್ಲ. ಅಂದರೆ ರಸ್ತೆ ಗೊಬ್ಬರದ ಅಂಗಡಿ ದಾಟಿದ ಮೇಲೆ ಎದುರು ಬದಿಗೆ ಅಗಲವಾಗುವುದಿತ್ತು.

ಮೇಜಿನ ಸುತ್ತ ಕುಳಿತವರಲ್ಲಿ ಯಾರೋ "ಗೆದ್ರಿ ಬಿಡಿ" ಎಂದರು. ನಾನು ನಗಲು ಬಾಯಿ ತೆರೆದೆ. ಅಷ್ಟರಲ್ಲಿ ಅದೇ ಹಿರಿಯರು, "ಅಲ್ಲಿಗೆ ಆ ಇನ್ನೊಬ್ಬ ಪುಣ್ಯಾತ್ಮಂದು ಹೋಯ್ತಲ್ಲ, ಪಾಪ," ಎಂದರು.

ಮೇಡಂ ಸಂಚಿಕೆ ಮುಚ್ಚಿದರು. "ಅವ್ರ ಮಗ ಹೋದ ವಾರ ಬಂದಿದ್ರು. ಇದೇ ಕುರ್ಚೀಲಿ ಕೂತು ಓದಿದ್ರು. ಅವ್ರಿಗೆ ಮನೆಗೇ ನೋಟೀಸು ಬಂದಿತ್ತು. ಆದ್ರೂ ಕಣ್ಣಾರೆ ಓದ್ಬೇಕು ಅಂತ ಬಂದಿದ್ರು. ಆಕ್ಷೇಪಣೆ ಹಾಕಿದಾರೆ."

ನಾನು ಕುರ್ಚಿಯಿಂದ ಎದ್ದೆ. ಆ ಮಗ ಆ ಸಾಲಿಗೆ ಬಂದಾಗ ದನಿ ಹೇಗಿತ್ತು ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಇನ್ನೊಂದೂ ಹೊಳೆಯಿತು: ಜಾಗ ಹೋಗುವುದಿದ್ದರೆ ಅಕ್ಕನ ಬಾಗಿಲಿಗೂ ಕಾಗದವೊಂದು ಬಂದಿರಬೇಕಿತ್ತು. ಬಂದಿದೆಯಾ ಎಂದು ಭಾನುವಾರವೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಪುಟದ ನಂಬರನ್ನು ಚೀಟಿಯಲ್ಲಿ ಬರೆದುಕೊಟ್ಟ ಮೇಡಂ, "ನಿಮ್ಮಕ್ಕಂಗೆ ಮೊದ್ಲು ಖಾತೆ ಬದಲಾಯಿಸ್ಕೊಳ್ಳೋಕೆ ಹೇಳಿ ಸಾರ್," ಎಂದು ಮತ್ತೆ ಅಂಟಿನ ಬಟ್ಟಲ ಕಡೆ ತಿರುಗಿದರು.

ಹೊರಗೆ ಬಂದು ಅಕ್ಕನಿಗೆ ಫೋನು ಮಾಡಿದೆ. ಊಟದ ಹೊತ್ತು, ಅವಳು ಎತ್ತಲಿಲ್ಲ. ಎತ್ತದಿದ್ದರೆ ನನ್ನ ತಲೆ ಸುಮ್ಮನಿರುತ್ತದೆಯೇ? ಬೀರೂರಿಗೆ ಬಂದು, ಅಲ್ಲಿಂದ ಅಜ್ಜಂಪುರದ ಬಸ್ಸು ಹಿಡಿದು, ಇಳಿದವನೇ ಓಡುವ ಹಾಗೆ ನಡೆದೆ.

ಹೋಟೆಲು ಇತ್ತು. ಅಕ್ಕ ಇದ್ದಳು. ಬೆಂಚಿನ ಮೇಲೆ ಕಾಲು ಚಾಚಿಕೊಂಡು ಎಲೆ ಅಡಿಕೆ ಹಾಕುತ್ತಿದ್ದಳು. ಎಲ್ಲವನ್ನೂ ಹೇಳಿದೆ: ತಾಲ್ಲೂಕು, ಸದರಿ, ಬಿನ್, ನಲವತ್ತಾರು, ಐವತ್ತೆರಡು. ಅವಳು ಪೂರ್ತಿ ಕೇಳಿದಳು. ಸೆರಗಿನಿಂದ ಒಮ್ಮೆ ಕಣ್ಣು ಒರೆಸಿಕೊಂಡಳು, ಒಂದೇ ಸಲ. ಆಮೇಲೆ ಒಳಗೆ ಹೋಗಿ, ನಾನು ಕೇಳದೆಯೇ ತಟ್ಟೆ ತಂದಿಟ್ಟಳು. ಮೂರು ದಿನದ ಮೇಲೆ ನನಗೆ ಹಸಿವಾಯಿತು.

"ಮೂರು ದಿನದಿಂದ ನಂಗೂ ಊಟ ಸೇರಿಲ್ಲ ಕಣೋ ಮುಂಡೇದೇ," ಎಂದಳು. "ಗಿರಾಕಿಗಳಿಗೆ ಉಪ್ಪಿಲ್ದಿರೋ ಸಾರು ಹಾಕಿವ್ನಿ. ಒಬ್ರೂ ಬಾಯ್ಬಿಡ್ಲಿಲ್ಲ."

ಅನ್ನ ಕಲಸುತ್ತಾ ಹೊರಗೆ ನೋಡಿದೆ. ಬಾಗಿಲ ಪಕ್ಕದಲ್ಲಿ ಮೊಣಕಾಲಾಳದ ಗುಂಡಿ ತೆಗೆದಿತ್ತು. ಅದರ ಸುತ್ತ ಹಸಿ ಮಣ್ಣು.

"ಅದೇನಕ್ಕ?"

"ಕರಿಬೇವಿನ ಗಿಡ ಇತ್ತಲ್ಲೋ. ನೀನು ಫೋನು ಮಾಡಿದ್ಯಲ್ಲ, ಮಾರನೇ ದಿನ ಬೆಳಿಗ್ಗೇನೇ ಆಳು ಕರ್ಸಿ ಬೇರು ಸಮೇತ ಎಬ್ಬಿಸ್ದೆ. ಒಲೆ ಹೊತ್ಕಂಡು ಹೋಗಕ್ಕಾಯ್ತದಾ? ಗಿಡನಾದ್ರೂ ಉಳೀಲಿ ಅಂತ ಮನೆ ಹಿಂದೆ ನೆಡ್ಸಿದೆ."

ಊಟ ಮುಗಿಸಿ ಅವಳ ಜೊತೆ ಮನೆಗೆ ಹೋಗಿ ನೋಡಿದೆ. ಬಚ್ಚಲ ನೀರು ಹರಿಯುವ ಕಡೆ, ಬಿದಿರಿನ ಆಸರೆ ಕೊಟ್ಟು ಅದನ್ನು ನಿಲ್ಲಿಸಿದ್ದರು. ಎಲೆಯೆಲ್ಲ ಉದುರಿತ್ತು. ಅಕ್ಕ ಒಂದು ಕಡ್ಡಿ ಬಗ್ಗಿಸಿದಳು. ಅದು ಟಕ್ಕೆಂದು ಮುರಿಯಿತು.

"ನೀರು ಹಾಕಿದ್ರೆ ಚಿಗುರಬಹುದಕ್ಕ," ಎಂದೆ.

"ಚಿಗುರ್ತದೆ, ಚಿಗುರ್ತದೆ," ಎಂದಳು. ಚಿಗುರಲಿಲ್ಲ.